ಕದ್ದ ಗಂಡು ಹೂವು

"ಅಲ್ಲೇ ನಿಂತ್ಕೊಳ್ಳಿ! ಆ ಹೂವು ಕೆಳಗಿಡಿ!"

ಸಿಗ್ನಿ ಟ್ವೈಟ್ ನಿಂತಳು. ಹೂವನ್ನು ಮಾತ್ರ ಕೆಳಗಿಡಲಿಲ್ಲ.

ಪಕ್ಕದ ತೋಟದವನ ಹಸಿರುಮನೆ. ಜೂನ್ ತಿಂಗಳ ಮುಂಜಾವು. ಅವಳ ಕೈಯಲ್ಲಿ ಅವನದೇ ಕುಂಬಳದ ಬಳ್ಳಿಯಿಂದ ಈಗಷ್ಟೇ ಚಿವುಟಿದ, ಊಟದ ತಟ್ಟೆಯಷ್ಟು ಅಗಲದ ಹಳದಿ ಗಂಡು ಹೂವು. ಬಾಗಿಲಿಗೆ ಅಡ್ಡವಾಗಿ ನಿಂತವನು ಕ್ಲೆಮ್ ಬರ್ಡೆಟ್. ಬರಿಗಾಲು, ಕೆದರಿದ ತಲೆ, ಕೈಯಲ್ಲಿ ಸಲಿಕೆ!

"ಮೂಸ್ ಕಡವೆ ನುಗ್ಗಿದೆ ಅಂದ್ಕೊಂಡೆ," ಎಂದ ಅವನು, ಸಲಿಕೆ ಇಳಿಸುತ್ತಾ.

"ಮೂಸ್ ಆಗಿದ್ರೆ ಬಳ್ಳಿನೆಲ್ಲಾ ತಿಂದು ನಿಮ್ಮ ಚಪ್ಪಲಿನೂ ತಿಂದಿರೋದು. ನಾನು ತಗೊಂಡಿರೋದು ಒಂದೇ ಹೂವು."

"ಕೇಳಿದ್ರೆ ಕೊಡ್ತಿದ್ದೆನಲ್ರೀ..."

"ನಿಮ್ಮ ಹತ್ರ ಕೇಳೋದಾ? ಕದ್ದಿದೀನಿ. ಕದ್ದೇ ಒಯ್ತೀನಿ. ದಾರಿ ಬಿಡಿ!"

ಕಳ್ಳಿ ಇಷ್ಟು ಜೋರು ಮಾಡುವುದನ್ನು ಅವನು ಹುಟ್ಟಿದಾಗಿನಿಂದ ನೋಡಿರಲಿಲ್ಲ. ಪಾಪ, ದಾರಿ ಬಿಟ್ಟ.

ಅವಳು ಓಡಿದಳು. ಎದೆ ಢವಢವ ಎನ್ನುತ್ತಿತ್ತು. 'ಭಯಕ್ಕೇ ಇರಬೇಕು...' ಎಂದುಕೊಂಡಳು. ಭಯಕ್ಕಲ್ಲ. ನನಗೆ ಗೊತ್ತು, ನಿಮಗೂ ಗೊತ್ತಾಗಿದೆ. ಅವಳಿಗೆ ಗೊತ್ತಾಗಲು ಇನ್ನೂ ಒಂದು ತಿಂಗಳು ಬೇಕಾಯಿತು.

ಅಲಾಸ್ಕಾದ ನಮ್ಮ ಕಣಿವೆಯಲ್ಲಿ ಜೂನ್ ತಿಂಗಳ ಸೂರ್ಯ ಮಲಗಲು ಹೋದವನು ದಿಂಬು ಬಿಸಿಯಾಗುವ ಮೊದಲೇ ಎದ್ದು ಬರುತ್ತಾನೆ. ಆ ಬೆಳಕನ್ನು ಕುಡಿದ ಎಲೆಕೋಸಿನ ನೆರಳಿನಲ್ಲಿ ನಾವು ಟ್ರ್ಯಾಕ್ಟರ್ ನಿಲ್ಲಿಸುತ್ತೇವೆ. ಆದರೆ ಕುಂಬಳಕಾಯಿ ಹಾಗಲ್ಲ, ಅದು ಚಳಿಗೆ ಹೆದರುವ ಹುಡುಗಿ. ಬೇರೆ ಊರುಗಳಲ್ಲಿ ಅದು ಅಕ್ಟೋಬರ್‌ವರೆಗೂ ಆರಾಮಾಗಿ ಕೊಬ್ಬುತ್ತದೆ. ಅತಿ ಭಾರದ ಕಾಯಿ ತೂಗಿ ಬಹುಮಾನ ಕೊಡುವ ನಮ್ಮ ಮೇಳ ಬರುವುದು ಆಗಸ್ಟ್ ಕೊನೆಗೆ! ಹಾಗಾಗಿ ಹಿಮ ಕರಗುವ ಮುಂಚೆಯೇ ಅಡುಗೆಮನೆಯ ಒಲೆಯ ಪಕ್ಕ ಬೀಜ ಮೊಳೆಸಬೇಕು, ಹಸಿರುಮನೆಯ ಮಣ್ಣಿನಡಿ ಬಿಸಿ ತಂತಿ ಹೂಳಬೇಕು. ಹೆಣ್ಣು ಹೂವು ಜೂನ್ ಮೊದಲಲ್ಲೇ ಅರಳಬೇಕು. ಒಂದು ಬಳ್ಳಿ, ಒಂದೇ ಕಾಯಿ. ಆ ಒಂದು ಹೂವು ತಪ್ಪಿದರೆ ಆ ವರ್ಷ ಮುಗಿದಂತೆ.

ಸಿಗ್ನಿ ಮಾಡಿದ ತಪ್ಪಾದರೂ ಏನು? ಹೆಣ್ಣು ಹೂವು ಅರಳಲು ಇನ್ನೂ ಒಂದು ವಾರವಿದೆ ಎಂದುಕೊಂಡು, ಬಳ್ಳಿಯ ಶಕ್ತಿ ಉಳಿಯಲಿ ಎಂದು ಗಂಡು ಹೂವುಗಳನ್ನೆಲ್ಲ, ಮೊಗ್ಗು ಸಹಿತ, ಚಿವುಟಿ ಎಸೆದಳು. ಮಾರನೆಯ ಬೆಳಿಗ್ಗೆ ನೋಡಿದರೆ... ಬಿಸಿ ಮಣ್ಣಿನ ಅವಸರಕ್ಕೆ ಹೆಣ್ಣು ಹೂವು ಬಾಯ್ತೆರೆದು ಕೂತಿದೆ! ಮಧ್ಯಾಹ್ನದೊಳಗೆ ಬಾಡುತ್ತದೆ. ಪರಾಗವಿಲ್ಲ. ಇಡೀ ಕಣಿವೆಯಲ್ಲಿ ಅಷ್ಟು ಬೇಗ ಹೂವು ಬಿಟ್ಟ ಇನ್ನೊಂದು ಬಳ್ಳಿ ಕ್ಲೆಮ್ ಬರ್ಡೆಟ್‌ನದು ಮಾತ್ರ.

ಕ್ಲೆಮ್ ಬರ್ಡೆಟ್! ಅವಳ ಅಪ್ಪ ಓಡ್ವಾರ್ ಟ್ವೈಟ್ ಆ ಹೆಸರು ಕೇಳಿದರೆ ಕಾಫಿ ಉಗುಳುತ್ತಿದ್ದ. ಮೀನುದೋಣಿಗಳ ಇಂಜಿನ್ ರಿಪೇರಿ ಮಾಡಲು ಓಹಾಯೋದಿಂದ ಬಂದವನು, ಹಿಂದಿನ ವರ್ಷದ ಮೇಳದಲ್ಲಿ ಓಡ್ವಾರ್‌ನ ದಾಖಲೆಯನ್ನು ಮುರಿದು, ಮೈಕಿನಲ್ಲಿ, "ಏನೋ ಅದೃಷ್ಟ, ನಾನು ಜಾಸ್ತಿ ಏನೂ ಮಾಡಿಲ್ಲ" ಎಂದುಬಿಟ್ಟಿದ್ದ. ಅವನು ಹೇಳಿದ್ದು ವಿನಯಕ್ಕೆ. ಓಡ್ವಾರ್‌ಗೆ ಅದು ಕೆನ್ನೆಗೆ ಹೊಡೆದಂತೆ ಕೇಳಿಸಿತ್ತು.

ಬೆನ್ನುನೋವಿನಿಂದ ಮೂಲೆಗೆ ಕೂತ ಅಪ್ಪ ಮಗಳಿಗೆ ಹೇಳಿದ್ದು ಒಂದೇ ಮಾತು. "ಮೂವತ್ತು ವರ್ಷದಿಂದ ನಮ್ಮ ತಳಿಗೆ ಹೊರಗಿನ ಪರಾಗ ಸೋಕಿಲ್ಲ. ತಾಯಿನೂ ಟ್ವೈಟ್, ತಂದೆನೂ ಟ್ವೈಟ್. ಆ ತಳಿಲೇ ಮೇಳ ಗೆಲ್ಲು, ತೋಟ ನಿಂದು. ಇಲ್ಲಾಂದ್ರೆ ಉತ್ತು ಹುಲ್ಲು ಬಿತ್ತಿಬಿಡ್ತೀನಿ!"

ಆ ತೋಟವೇ ಅವಳ ಉಸಿರು. ಚಳಿಗಾಲದಲ್ಲಿ ಶಾಲೆಯ ಬಸ್ ಓಡಿಸುವಾಗಲೂ ಅವಳ ತಲೆಯಲ್ಲಿ ಬಳ್ಳಿಯೇ ಹಬ್ಬುತ್ತಿತ್ತು.

ಕದ್ದು ತಂದ ಹೂವಿನ ಎಸಳು ಕಿತ್ತು, ಪರಾಗದ ದಂಡನ್ನು ಹೆಣ್ಣು ಹೂವಿನೊಳಗೆ ಮೆಲ್ಲಗೆ ಸವರಿದಳು. ದುಂಬಿ ಬರದಂತೆ ಬಾಯಿ ಕಟ್ಟಿದಳು.

'ಯಾರಿಗೂ ಗೊತ್ತಾಗಲ್ಲ... ಹೊರಗಿನ ಪರಾಗದಿಂದ ಕಾಯಿ ಬದಲಾಗಲ್ಲ, ಬದಲಾಗೋದು ಒಳಗಿನ ಬೀಜ. ಬೀಜಕ್ಕೆ ಬಾಯಿ ಇದೆಯಾ?'

ಕಾಯಿ ಕಚ್ಚಿತು. ಕಚ್ಚಿದ್ದು ಮಾತ್ರವಲ್ಲ, ಉಬ್ಬಿತು. ಕಿವಿಗೊಟ್ಟರೆ ಬೆಳೆಯುವ ಸದ್ದು ಕೇಳುತ್ತಿತ್ತು. ಸಂಜೆ ಅದರ ಪಕ್ಕ ಮರೆತು ಇಟ್ಟ ಕುರ್ಚಿಯನ್ನು ಬೆಳಿಗ್ಗೆ ಹಸಿರುಮನೆಯ ಗೋಡೆ ಬಿರಿಯುವಷ್ಟು ಒತ್ತಿಬಿಟ್ಟಿತ್ತು!

ಆ ಗೋಡೆ ರಿಪೇರಿ ಮಾಡಲು ಬಂದವನು ಯಾರು ಅಂತೀರಿ? ಕ್ಲೆಮ್. ಓಡ್ವಾರ್ ಬೆನ್ನುನೋವಿನ ಡಾಕ್ಟರ ಹತ್ತಿರ ಹೋದ ದಿನವೇ ಅವನಿಗೆ ಬೇಲಿಯ ಈಚೆ ಏನಾದರೂ ಕೆಲಸ ನೆನಪಾಗುತ್ತಿತ್ತು.

"ನನ್ನ ಹೂವು ಹೇಗಿದೆ ಅಂತ ವಿಚಾರಿಸೋಣ ಅಂತ ಬಂದೆ."

"ನಿಮ್ಮ ಹೂವಾ? ಕದ್ದ ಮೇಲೆ ನಂದು."

"ಬಿಸಿಲಿಗೆ ಸಿಪ್ಪೆ ಗಟ್ಟಿಯಾಗುತ್ತೆ, ಮೇಲೊಂದು ಬಿಳಿ ಬಟ್ಟೆ ಹೊದಿಸಿ."

"ಹೊದಿಸಿದೀನಿ. ನಿಮ್ಮ ತಲೆಗೂ ಒಂದು ಹೊದಿಸ್ಲಾ?"

ಅವನು ನಕ್ಕ. ಆ ನಗುವಿಗೆ ಅವಳ ಕೈಯಲ್ಲಿದ್ದ ನೀರಿನ ಪೈಪು ಅವಳ ಬೂಟಿನೊಳಗೇ ಸುರಿಯಿತು... ಅವಳಿಗೆ ಗೊತ್ತಾಗಲಿಲ್ಲ!

ಜುಲೈ ಬರುವಷ್ಟರಲ್ಲಿ 'ನೀವು' 'ನೀನು' ಆಗಿತ್ತು. ಬೇರು ಬಿಡಲೆಂದು ಬಳ್ಳಿಯ ಗಂಟುಗಳನ್ನು ಮಣ್ಣಿನಲ್ಲಿ ಹೂಳುತ್ತಾ ಒಮ್ಮೆ ಇಬ್ಬರ ಕೈಗಳು ಮಣ್ಣಿನಡಿ ತಗಲಿದವು. ಇಬ್ಬರೂ ಹಿಂದೆಗೆಯಲಿಲ್ಲ.

"ಸಿಗ್ನಿ... ನಿಮ್ಮಪ್ಪನ ಹತ್ರ ಬಂದು ಮಾತಾಡ್ಲಾ?"

"ಮೇಳ ಮುಗೀಲಿ, ಕ್ಲೆಮ್."

"ಮೇಳ ಮುಗಿಯೋವರೆಗೂ ನಾನು ಬೇಲಿ ಹಾರೋ ಮೂಸಾ?"

ಅವಳು ನಕ್ಕಳು. ಅವನು ನಗಲಿಲ್ಲ.

ಆಮೇಲೆ ಬಂತು ಕುಂಬಳ ಬೆಳೆಗಾರರ ವನಭೋಜನ. ಸುಟ್ಟ ಸಾಲ್ಮನ್ ಮೀನು, ಆಲೂಗಡ್ಡೆ ಸಲಾಡ್, ಮೀನಿಗಿಂತ ದೊಡ್ಡ ಬಡಾಯಿ! ನಮ್ಮಲ್ಲಿ ಕಾಯಿಯ ತಂದೆತಾಯಿ ವಿಚಾರಿಸುವುದು ಮನೆಯವರ ಕ್ಷೇಮ ವಿಚಾರಿಸಿದಷ್ಟೇ ಸಹಜ. ಬೀಜಕ್ಕೆ ಬೆಳೆದವರ ಮನೆತನದ್ದೇ ಹೆಸರು. ಕಾಯಿ ಬಿಟ್ಟ ಬಳ್ಳಿ ತಾಯಿ, ಪರಾಗ ಕೊಟ್ಟ ಬಳ್ಳಿ ತಂದೆ.

ಓಡ್ವಾರ್ ಎದೆಯುಬ್ಬಿಸಿ ಎಲ್ಲರೆದುರು ಕೇಳಿದ. "ಹೇಳು ಮಗಳೇ, ಇವರಿಗೆಲ್ಲಾ ಕೇಳಿಸ್ಲಿ! ಗಂಡು ಹೂವು ಯಾರದ್ದು?"

ಎರಡು ಹೆಜ್ಜೆ ಆಚೆ ಕ್ಲೆಮ್ ತಟ್ಟೆ ಹಿಡಿದು ನಿಂತಿದ್ದ. ಅವನ ಕಣ್ಣಲ್ಲಿ ಚಿಕ್ಕದೊಂದು ಆಸೆ...

ಸಿಗ್ನಿ ಅಪ್ಪನ ಮುಖ ನೋಡಿದಳು. ತೋಟ... ಹುಲ್ಲು... ತೋಟ...

"ನಮ್ಮದೇ ಬಳ್ಳಿದು, ಅಪ್ಪ."

"ಕೇಳಿದ್ರಾ? ಹೊರಗಿಂದು ಸೋಕ್ಸಲ್ಲ ನಮ್ಮನೇಲಿ!"

ಕ್ಲೆಮ್ ತುಂಬಿದ ತಟ್ಟೆಯನ್ನು ಮೇಜಿನ ಮೇಲಿಟ್ಟ. ತನ್ನ ರಿಪೇರಿ ಶೆಡ್ಡಿನ ಕಡೆ ನಡೆದುಹೋದ.

ಅವಳು ಅವನ ಶೆಡ್ಡಿಗೆ ಓಡಿದಳು. ಅವನು ಇಂಜಿನ್ನಿನೊಳಗೆ ತಲೆ ಹುದುಗಿಸಿದ್ದ.

"ತೋಟಕ್ಕೋಸ್ಕರ ಹೇಳಿದ್ದು, ಕ್ಲೆಮ್! ಅರ್ಥ ಮಾಡ್ಕೋ!"

"ಅರ್ಥ ಆಯ್ತು." ಅವನು ತಲೆ ಎತ್ತಲಿಲ್ಲ. "ನನ್ನ ಹೂವಿನ ಹೆಸರು ಹೇಳೋಕೇ ನಿಂಗೆ ಇಷ್ಟು ಕಷ್ಟ. ನಾಳೆ ನನ್ನ ಹೆಸರು ಹೇಳ್ಬೇಕಾದ್ರೆ?"

"ನನಗೆ ನಾಚಿಕೆ ಅಂದ್ಕೊಂಡ್ಯಾ?"

"ನಾಚಿಕೆನೋ ಹೆದರಿಕೆನೋ... ನನ್ನ ಪಾಲಿಗೆ ಎರಡೂ ಒಂದೇ. ಹೋಗು ಸಿಗ್ನಿ, ನಿನ್ನ ಕಾಯಿ ಕಾಯ್ತಿದೆ."

ಹೆದರಿಕೆ! ಮೂಸ್‌ನ ಮೂತಿಗೆ ಪೊರಕೆಯಲ್ಲಿ ಹೊಡೆದವಳಿಗೆ ಹೆದರಿಕೆಯಂತೆ! ದಾರಿಯುದ್ದಕ್ಕೂ ಅವನನ್ನು ಬೈದಳು. ಮನೆ ತಲುಪಿ, ಕಾಯಿಗೆ ಒರಗಿ, ಅತ್ತಳು. ಯಾಕೆಂದರೆ ಅವನು ಹೇಳಿದ್ದು ನಿಜ.

ಆಮೇಲೆ ಬೇಲಿಯ ಆ ಬದಿಯಿಂದ ಸದ್ದೇ ಇಲ್ಲ. ಆಗಸ್ಟ್ ಮಳೆಗೆ ಕ್ಲೆಮ್‌ನ ಕಾಯಿ ಸೀಳಿತೆಂದು ಸುದ್ದಿ ಬಂತು. ಬಿರುಕು ಒಳಗಿನ ಟೊಳ್ಳು ಮುಟ್ಟಿದರೆ ಮೇಳದಲ್ಲಿ ತೂಗುವುದಿಲ್ಲ. ಓಡ್ವಾರ್ ಕುಣಿದ, ಬೆನ್ನು ಹಿಡಿದುಕೊಂಡು ಕುಣಿದ. ಸಿಗ್ನಿಗೆ ಅವತ್ತು ಊಟ ಇಳಿಯಲಿಲ್ಲ.

ಮೇಳದ ದಿನ!

ಕ್ರೇನ್ ಅವಳ ಕಾಯಿಯನ್ನು ಎತ್ತಿದಾಗ ಕ್ರೇನಿನ ಹಿಂದಿನ ಚಕ್ರಗಳೇ ಮೇಲೆದ್ದವು. ತೀರ್ಪುಗಾರ್ತಿ ಟಾರ್ಚ್ ಹಿಡಿದು ತಳಕ್ಕೆ ತೂರಿ ತೂತು ಹುಡುಕಿದಳು. ಅವಳು ವಾಪಸ್ ಬರುವಷ್ಟರಲ್ಲಿ ನಾನೊಂದು ಕಾಫಿ ಮುಗಿಸಿದೆ. ತೂತಿರಲಿಲ್ಲ. ತಕ್ಕಡಿಯ ಮುಳ್ಳು ಓಡಿತು... ಓಡಿತು... ಹಿಂದಿನ ವರ್ಷದ ದಾಖಲೆಯನ್ನು ದಾಟಿ ಓಡಿತು!

ಜನ ಕೂಗಿದ ಸದ್ದಿಗೆ ಬೆಟ್ಟದ ಮೇಲಿನ ಹಿಮನದಿ ಒಂದು ಗೇಣು ಹಿಂದೆ ಸರಿದಿರಬೇಕು. ಮೈಕಿನ ಹತ್ತಿರ ಆಗಲೇ ಬೆಳೆಗಾರರು ಸಾಲುಗಟ್ಟಿದ್ದರು. "ಸಿಗ್ನಿ, ನಂಗೆರಡು ಬೀಜ!" "ನಂಗೂ!"

"ತಂದೆತಾಯಿ ಹೇಳಿಬಿಡಿ," ಎಂದಳು ತೀರ್ಪುಗಾರ್ತಿ.

ಓಡ್ವಾರ್ ಮೈಕನ್ನು ಕಿತ್ತುಕೊಂಡ. ಕಣ್ಣಲ್ಲಿ ನೀರು. "ತಾಯಿ ಟ್ವೈಟ್! ತಂದೆ ಟ್ವೈಟ್! ತೋಟ ಇವತ್ತಿಂದ ನನ್ನ ಮಗಳದ್ದು!"

ಚಪ್ಪಾಳೆ. ತೋಟ ಸಿಕ್ಕಿತು. ಸುಮ್ಮನಿದ್ದರೆ ಸಾಕು, ಎಲ್ಲವೂ ಸಿಕ್ಕಿತು.

ಆಗ ಸಿಗ್ನಿಗೆ ಕಂಡ, ಗುಂಪಿನ ಕಟ್ಟಕಡೆಯಲ್ಲಿ, ಟೋಪಿ ಎಳೆದುಕೊಂಡು ನಿಂತ ಕ್ಲೆಮ್. ತೂಗಲು ಕಾಯಿ ಇರಲಿಲ್ಲ, ಬರಬೇಕಾದ ಅಗತ್ಯವೂ ಇರಲಿಲ್ಲ. ಆದರೂ ಬಂದಿದ್ದಾನೆ. ಅವಳಿಗಾಗಿ ಚಪ್ಪಾಳೆ ತಟ್ಟುತ್ತಿದ್ದಾನೆ... ತಟ್ಟಿ, ಹೊರಡಲು ತಿರುಗಿದ.

'ಹೆದರಿಕೆನಾ? ನಂಗಾ?'

ಅವಳು ಅಪ್ಪನ ಕೈಯಿಂದ ಮೈಕು ತೆಗೆದುಕೊಂಡಳು.

"ಅಪ್ಪ, ನೀನು ಹೇಳಿದ್ದು ತಪ್ಪು. ತಾಯಿ ಟ್ವೈಟ್. ತಂದೆ ಬರ್ಡೆಟ್!"

ಚಪ್ಪಾಳೆ ಅರ್ಧದಲ್ಲೇ ನಿಂತಿತು. ಕ್ಲೆಮ್ ನಿಂತ.

"ಗಂಡು ಹೂವನ್ನ ನಾನು ಅವನ ತೋಟದಿಂದ ಕದ್ದೆ. ಅವನು ಹಿಡಿದ, ಆದ್ರೂ ಬಿಟ್ಟ. ಆಮೇಲೆ ನಿಮ್ಮೆಲ್ಲರೆದುರು ನಾನು ಸುಳ್ಳು ಹೇಳ್ದೆ. ಈ ಬೀಜ ಬೇಕಾದವರು ಎರಡೂ ಹೆಸರು ಹೇಳಿ ಬಿತ್ತಿ. ಇಷ್ಟ ಇಲ್ದಿದ್ರೆ ಬೇಡ!"

"ಸಿಗ್ನಿ!" ಓಡ್ವಾರ್‌ನ ಮುಖ ಬೀಟ್‌ರೂಟಿನಂತಾಗಿತ್ತು. "ನಾಳೆನೇ ಉಳ್ತೀನಿ! ಹುಲ್ಲು ಬಿತ್ತೀನಿ!"

"ಬಿತ್ತು ಅಪ್ಪ! ನಾನೇ ಟ್ರ್ಯಾಕ್ಟರ್ ಹೊಡ್ಕೊಡ್ತೀನಿ. ನಂಗೆ ತೋಟ ಅಂದ್ರೆ ಪ್ರಾಣ. ಆದ್ರೆ ಸುಳ್ಳು ಹೇಳಿ ಉಳಿಸ್ಕೊಂಡ ತೋಟದಲ್ಲಿ ನಂಗೆ ಒಂದು ಮೂಲಂಗಿನೂ ಬೇಡ. ಮುಂದಿನ ವರ್ಷ ಪಕ್ಕದ ತೋಟದಲ್ಲಿ ಬೆಳೀತೀನಿ, ಅವನು ಜಾಗ ಕೊಟ್ರೆ. ಕೊಡ್ದಿದ್ರೆ ಶಾಲೆ ಬಸ್ಸಿನ ಮೇಲೆ ಬೆಳೀತೀನಿ. ಬೆಳೆಯೋದಂತೂ ಬಿಡಲ್ಲ!"

ಓಡ್ವಾರ್ ಮಗಳನ್ನು ನೋಡಿದ, ತಕ್ಕಡಿಯ ಮುಳ್ಳನ್ನು ನೋಡಿದ, ಗುಂಪಿನ ನಡುವೆ ದಾರಿ ಮಾಡಿಕೊಂಡು ಬರುತ್ತಿದ್ದ ಓಹಾಯೋದವನನ್ನು ನೋಡಿದ. ಆಮೇಲೆ ಬೆನ್ನನ್ನು ನೆಟ್ಟಗೆ ಮಾಡಿದ. ಎರಡು ವರ್ಷದಲ್ಲಿ ಮೊದಲ ಸಲ!

"ಹುಲ್ಲು ಬಿತ್ತಲ್ಲ," ಎಂದು ಗುಡುಗಿದ. "ಹುಲ್ಲು ಬಿತ್ತಿದ್ರೆ ನೀವಿಬ್ರೂ ಗೆದ್ದ ಹಾಗೆ. ನಾನೇ ಬೆಳೀತೀನಿ! ಮುಂದಿನ ಮೇಳದಲ್ಲಿ ನಿಮ್ಮಿಬ್ರ ಕಾಯಿನ ನನ್ನ ಕಾಯಿ ಪಕ್ಕ ಇಟ್ರೆ ನಿಂಬೆಹಣ್ಣು ಅನ್ಬೇಕು ಜನ! ಏಯ್ ಬರ್ಡೆಟ್, ಕೇಳಿಸ್ತಾ?"

"ಕೇಳಿಸ್ತು ಸಾರ್," ಎಂದ ಕ್ಲೆಮ್, ಟೋಪಿ ತೆಗೆದು.

ಓಡ್ವಾರ್ ದಾಪುಗಾಲು ಹಾಕುತ್ತಾ ಗೊಬ್ಬರದ ಅಂಗಡಿಯ ಕಡೆ ನಡೆದ. ಕುಂಟಲೇ ಇಲ್ಲ!

ಸಿಗ್ನಿ ಮೈಕನ್ನು ಕೆಳಗಿಟ್ಟಳು. ಕ್ಲೆಮ್ ಅವಳ ಕೈಗಳನ್ನು ಹಿಡಿದುಕೊಂಡ.

"ತೋಟ ಹೋಯ್ತಲ್ಲೇ, ಸಿಗ್ನಿ..."

"ಹೋಗ್ಲಿ ಬಿಡು. ನೀನು ಹೊರಟುಬಿಟ್ಟಿದ್ದೆ. ಅದು ಜಾಸ್ತಿ ನೋವಾಯ್ತು."

"ತಿರುಗಿದ್ದೆ ಅಷ್ಟೇ. ಕಾಲೇ ಬರ್ಲಿಲ್ಲ."

ಅವಳು ಅವನ ಎದೆಗೆ ಹಣೆ ಒತ್ತಿದಳು. ಅಲ್ಲಿ ಡೀಸೆಲ್ ವಾಸನೆ. ಇಡೀ ಮೇಳ ನೋಡುತ್ತಿತ್ತು. ನೋಡಲಿ!

"ಹಾಗಾದ್ರೆ..." ಅವನು ಅವಳ ಕಿವಿಯ ಹತ್ತಿರ ಕೇಳಿದ. "ಮದುವೆ ಯಾವಾಗ?"

"ಬೀಜ ಮೊಳೆಸೋಕೆ ಮುಂಚೆ. ಆಮೇಲೆ ನಂಗೆ ಪುರುಸೊತ್ತಿರಲ್ಲ."

"ಮತ್ತೆ ನಂಗೆ?"

"ನಿಂಗೂ ಇರಲ್ಲ, ಕ್ಲೆಮ್. ಅಪ್ಪನ್ನ ಸೋಲಿಸ್ಬೇಕು. ಬಾ!"