ಎರಡನೇ ಪಾಳಿಯ ಡಮಾಮಿ

ಟ್ರಂಕನ್ನು ಎತ್ತಿದ ಕೂಡಲೇ ಸೆಲಿನ್‌ಗೆ ಗೊತ್ತಾಯಿತು—ಒಳಗೆ ಡಮಾಮಿ ಇಲ್ಲ.

ಆದರೂ ಕೀಲಿ ತೆಗೆದು ನೋಡಿದಳು. ಒಂದು ಹಳೆಯ ಕಂಬಳಿ, ಅದರ ಮೇಲೆ ಒಂದು ಸುತ್ತು ಹಗ್ಗ. ಅಷ್ಟೇ.

ಬೆಳಿಗ್ಗೆ ಒಂಬತ್ತು ಗಂಟೆ. ದಾಂಡೇಲಿ ಪಕ್ಕದ ಮೌಳಂಗಿಯ ಹೊಳೆದಂಡೆಯ ಮೇಲೆ ವೇದಿಕೆ ಎದ್ದು ನಿಂತಿತ್ತು. ಸಂಜೆ ಐದಕ್ಕೆ ‘ಎರಡನೇ ಪಾಳಿ’ ರಾಕ್ ತಂಡದ ಕೊನೆಯ ಕಾರ್ಯಕ್ರಮ. ಇಪ್ಪತ್ತೊಂದು ವರ್ಷ, ಮುನ್ನೂರಕ್ಕೂ ಹೆಚ್ಚು ಷೋ. ಪ್ರತಿಯೊಂದೂ ಶುರುವಾದದ್ದು ಅದೇ ಡಮಾಮಿಯ ಏಳು ಪೆಟ್ಟಿನಿಂದ. ಸಿದ್ದಿ ಜನರ ಆ ಚರ್ಮವಾದ್ಯ ಸೆಲಿನ್‌ಳ ತಂದೆ ಪೆದ್ರು ಕೈಯಾರೆ ಮಾಡಿದ್ದು. ಪೆದ್ರು ಈಗಿಲ್ಲ.

“ಅಪ್ಪನ ಡಮಾಮಿ ಇಲ್ಲದ ನಾ ಸ್ಟೇಜ್ ಹತ್ತೂದಿಲ್ಲ,” ಅಂದಳು ಸೆಲಿನ್. ಕೂಗಲಿಲ್ಲ, ಅಳಲಿಲ್ಲ. ಡ್ರಮ್ಮಿನ ಕೋಲುಗಳನ್ನು ಟ್ರಂಕಿನ ಮೇಲಿಟ್ಟು ಹೊಳೆಯ ಕಡೆ ನಡೆದುಬಿಟ್ಟಳು.

ಗೇಟಿನ ಬಳಿ ಸ್ವಯಂಸೇವಕರಿಗೆ ಕೆಲಸ ಹಂಚುತ್ತಿದ್ದ ಸುನಂದಾಳಿಗೆ ಕರೆ ಬಂತು. ಪೊಲೀಸ್ ಕೆಲಸದಿಂದ ನಿವೃತ್ತಳಾಗಿ ಎರಡು ವರ್ಷವಾಗಿತ್ತು. ದಾಂಡೇಲಿಯಲ್ಲಿ ಈ ತಂಡ ಮೊದಲ ಸಲ ಹಾಡಿದ ದಿನ ಬಂದೋಬಸ್ತಿಗೆ ನಿಂತ ಪೇದೆ ಅವಳೇ. ಕಾಗದದ ಗಿರಣಿಯಲ್ಲಿ ಎರಡನೇ ಪಾಳಿಗೆ ಹೋಗುವವರ ಮಕ್ಕಳು, ಮನೆಯಲ್ಲಿ ಅಪ್ಪಂದಿರು ಇಲ್ಲದ ಹೊತ್ತಿನಲ್ಲಿ ಕ್ವಾರ್ಟರ್ಸಿನ ಒಂದು ಖೋಲಿಯಲ್ಲಿ ಗದ್ದಲ ಮಾಡುತ್ತಿದ್ದರು—ಹೆಸರು ಬಂದದ್ದು ಹಾಗೆ. ಆಮೇಲೆ ಹುಬ್ಬಳ್ಳಿಯ ಕಾಲೇಜುಗಳು, ಗೋವಾ, ಪುಣೆ. ಇವರ ಒಂದು ಹಾಡು ಎರಡು ವರ್ಷ ಈ ಸೀಮೆಯ ಅರ್ಧ ಮೊಬೈಲುಗಳಲ್ಲಿ ರಿಂಗಣಿಸಿತ್ತು. ಈಗ ಗಾಯಕ ಮೌನೇಶನ ಗಂಟಲಿಗೆ ಆಪರೇಷನ್ ಆಗಿದೆ. ಇನ್ನೆರಡೇ ಸಲ ಹಾಡಿ ನಿಲ್ಲಿಸಿ ಅಂದಿದ್ದರು ಡಾಕ್ಟರು. ಒಂದು ಹೋದ ವಾರ ಮುಂಡಗೋಡದಲ್ಲಿ ಮುಗಿದಿತ್ತು.

ಉಳಿದ ಒಂದು ಇವತ್ತು.

ಸುನಂದಾ ಟ್ರಂಕಿನ ಮುಂದೆ ಕುಕ್ಕರಗಾಲಿನಲ್ಲಿ ಕುಳಿತಳು. ಬೀಗ ಒಡೆದಿಲ್ಲ.

“ಕೀಲಿ ಎಲ್ಲಿ ಇರ್ತಿತ್ತು?”

“ಪ್ರಾಕ್ಟೀಸ್ ಖೋಲ್ಯಾಗ ಮೊಳೀಗೆ ತೂಗು ಹಾಕಿರ್ತೇವ್ರೀ, ಅಕ್ಕಾರ,” ಅಂದ ಮೌನೇಶ. “ಎಲ್ಲಾರಿಗೂ ಗೊತ್ತು.”

“ಡಮಾಮಿ ಕಡೀಕ ನೋಡಿದ್ದು?”

“ಹೋದ ಐತವಾರ, ಮುಂಡಗೋಡದ ಷೋದಾಗ. ಷೋಕ್ಕಷ್ಟ ಹೊರಗ ತೆಗೀತಾಳ್ರೀ ಸೆಲಿನ್. ಇವತ್ತ ಟ್ರಂಕು ಟೆಂಪೋಕ್ಕ ಹಾಕಿದವರು ಹಮಾಲರು. ಅವರಿಗೆ ಅದರ ತೂಕ ಏನ್ ಗೊತ್ತು?”

“ಈ ಹಗ್ಗ ಯಾತರದ್ದು?”

“ಡಮಾಮಿದ! ಎರಡೂ ಬಾಜೂ ಚರ್ಮ ಬಿಗಿಯೋ ಹಗ್ಗ. ಬಿಚ್ಚಿ ಒಗದ್ ಹೋಗ್ಯಾನ, ಕಳ್ಳ. ಅಪಮಾನ ಮಾಡಾಕ!”

ಸುನಂದಾ ಹಗ್ಗವನ್ನು ಕೈಗೆತ್ತಿಕೊಂಡಳು.

ಮೊದಲು ಬಾಳೇಶನನ್ನು ಕರೆಸಿದಳು. ಹೊಳೆಯಾಚೆ ರೆಸಾರ್ಟ್ ನಡೆಸುವವನು, ಇವತ್ತಿನ ವೇದಿಕೆ ಹಾಕಿಸಿಕೊಟ್ಟವನು. ಡಮಾಮಿಯನ್ನು ತನಗೆ ಕೊಡಿ, ರೆಸಾರ್ಟಿನ ಗೋಡೆಗೆ ತೂಗುಹಾಕುತ್ತೇನೆ ಎಂದು ಸೆಲಿನ್‌ಳನ್ನು ಮೂರು ಸಲ ಕೇಳಿದ್ದ. ಮೂರು ಸಲವೂ ಬೈಸಿಕೊಂಡಿದ್ದ.

“ನೀವ ಒಯ್ದೀರೇನು?”

“ಅಕ್ಕಾರ, ನನ್ನ ಮಾರೀ ನೋಡಿ ಹೇಳ್ರಿ!” ಬಾಳೇಶ ಎದೆ ಮುಟ್ಟಿಕೊಂಡ. “ಒಯ್ದಿದ್ರ ಎಲ್ಲಿ ತೂಗುಹಾಕ್ಲಿ? ಬಂದವರೆಲ್ಲಾ ಗುರುತು ಹಿಡೀತಾರ. ಬೇಕಾದ್ರ ರೆಸಾರ್ಟ್ ಪೂರಾ ಹುಡುಕ್ರಿ. ಕೀಲಿ ಗೊಂಚಲ ತಗೋರಿ, ಜೀಪೂ ತಗೋರಿ.”

ಕದ್ದ ಮಾಲನ್ನು ಹತ್ತು ಜನರ ಕಣ್ಣಿಗೆ ಬೀಳುವ ಗೋಡೆಗೇ ತೂಗುಹಾಕುವ ಕಳ್ಳನನ್ನು ಅವಳು ಮೂವತ್ತು ವರ್ಷದಲ್ಲಿ ಕಂಡಿರಲಿಲ್ಲ. ಕೀಲಿಗೊಂಚಲನ್ನು ವಾಪಸು ಕೊಟ್ಟಳು.

ಎರಡನೆಯವನು ರಫೀಕ, ಬೇಸ್ ಗಿಟಾರಿನವನು. ತಂಡ ನಿಲ್ಲಿಸುವುದಕ್ಕೆ ಅವನೊಬ್ಬನೇ ವಿರೋಧ. ಮುಂಡಗೋಡದಲ್ಲಿ ಊಟಕ್ಕೆ ಕೂತಾಗ ಎಲ್ಲರೆದುರಿಗೇ ಹೇಳಿದ್ದ—ಈ ಕಡೇ ಷೋ ಆಗದಿದ್ದರೇ ಒಳ್ಳೆಯದು ಅಂತ.

“ಅಂದಿದ್ದಿ ಹೌದಲ್ಲೋ?”

“ಅಂದಿದ್ದೆ, ಆಪಾ.” ಗಿಟಾರಿನ ವೈರನ್ನು ಅಂಗೈಯಿಂದ ಮೊಣಕೈಗೆ ಸರಸರ ಸುತ್ತುತ್ತಿದ್ದ ರಫೀಕ ತಲೆ ಎತ್ತಲಿಲ್ಲ. “ಹದಿನೆಂಟನೇ ವಯಸ್ಸಿನಿಂದ ಇದ ಮಾಡ್ಕೊಂತ ಬಂದೇನಿ. ನಾಳೆ ಮುಂಜಾನೆ ಎದ್ದು ಏನ್ ಮಾಡ್ಲಿ? ಆದ್ರ ಪೆದ್ರು ಚಾಚಾನ ಡಮಾಮಿ... ನಂಗ ತಾಳ ಕಲಿಸಿದ್ದ ಅಂವ.”

ವೈರು ಸುತ್ತಿದ್ದು ಮುಗಿಯಿತು. ಕೆಳಗಿಟ್ಟ ತಕ್ಷಣ ಅದು ಗಂಟುಗಂಟಾಗಿ ತಿರುಚಿಕೊಂಡಿತು. ಸುನಂದಾ ಅದನ್ನೇ ನೋಡಿದಳು. ಏಕೆಂದು ಆಗ ಅವಳಿಗೂ ಗೊತ್ತಿರಲಿಲ್ಲ.

ಉಳಿದವನು ಅಂದಾನೆಪ್ಪ. ಮೊದಲ ಷೋದಿಂದಲೂ ತಂಡದ ಧ್ವನಿವರ್ಧಕ ನೋಡಿಕೊಳ್ಳುವವನು. ಯಾವ ವಾದ್ಯ ಎಷ್ಟು ಕೇಳಬೇಕು, ಯಾವ ದನಿ ಎಲ್ಲಿ ಏಳಬೇಕು—ಜನರ ನಡುವೆ ಮಿಕ್ಸರಿನ ಮುಂದೆ ಕೂತು ತೂಗುವವನು. ಟ್ರಂಕಿನ ಹತ್ತಿರ ಬಂದು ನಿಂತ. ಸುನಂದಾ ಅವನಿಗೆ ಬೆನ್ನು ಮಾಡಿ ಬೀಗವನ್ನು ನೋಡುತ್ತಿದ್ದಳು.

“ಅಂದಾನೆಪ್ಪಾ, ಕೀಲಿ ನೀ ಮುಟ್ಟಿದ್ದೇನು?”

“ಗಾಳಿ ಈಗ ಕಡಿಮಿ ಆಗೇತ್ರಿ. ಪರದೆ ಬಿಗಿ ಕಟ್ಟಸೇನಿ.”

“ಏ, ಕೇಳಿದ್ದಕ್ಕ ಉತ್ತರಾ ಕೊಡೋ!” ಮೌನೇಶ ರೇಗಿದ. “ಹಾರಿಸಿ ಮಾತಾಡಬ್ಯಾಡ!”

ಸುನಂದಾ ಮೆಲ್ಲಗೆ ತಿರುಗಿ ಅವನ ಎದುರು ನಿಂತಳು. ಇನ್ನೂ ಸಣ್ಣ ದನಿಯಲ್ಲಿ ಕೇಳಿದಳು—“ಷೋದ ಮರುದಿನ, ಸೋಮವಾರ ಎಲ್ಲಿದ್ದಿ?”

“ಖೋಲ್ಯಾಗ ಇದ್ನಿರಿ. ವೈರ್ ಜೋಡಿಸಾಕತ್ತಿದ್ದೆ,” ಅಂದ ಅಂದಾನೆಪ್ಪ ತಟ್ಟನೆ. ಅವನ ಕಣ್ಣು ಅವಳ ತುಟಿಯ ಮೇಲಿತ್ತು.

“ಆತು. ಹೋಗು, ನಿನ್ನ ಕೆಲಸ ನೋಡು.”

ಅವನು ಹೋಗಿ ಉಳಿದ ವೈರನ್ನು ಸುತ್ತತೊಡಗಿದ. ಒಂದು ಸುತ್ತು ನೇರ, ಮುಂದಿನದು ಬೆರಳಿನಿಂದ ಒಳಗೆ ಮಗುಚಿ. ಮತ್ತೆ ನೇರ, ಮತ್ತೆ ಮಗುಚಿ. ಸುನಂದಾ ಹತ್ತು ನಿಮಿಷ ನಿಂತು ನೋಡಿದಳು. ಆಮೇಲೆ ಸೆಲಿನ್‌ಳನ್ನು ಹೊಳೆಯಿಂದ ಕರೆತರಲು ಹೇಳಿದಳು.

ವೇದಿಕೆಯ ಹಿಂದೆ ಎಲ್ಲರೂ ಸೇರಿದರು. ಸುನಂದಾ ಟ್ರಂಕಿನಲ್ಲಿ ಸಿಕ್ಕ ಹಗ್ಗವನ್ನು ಎತ್ತಿ ತೋರಿಸಿದಳು.

“ಇದನ್ನ ಬಿಚ್ಚಿ ಒಗದಾರ ಅಂದ್ರಿ. ಒಗದಿಲ್ಲ. ಸುತ್ತಿ ಇಟ್ಟಾರ. ಹೆಂಗ ಸುತ್ತ್ಯಾರ ಅಂತ ನೋಡಿದವರು ಯಾರು?”

ಯಾರೂ ಇಲ್ಲ.

ಒಂದು ತುದಿಯನ್ನು ಹಿಡಿದು ಹಗ್ಗವನ್ನು ಮುಂದಕ್ಕೆ ಎಸೆದಳು. ಒಂದೂ ತಿರುಚಿಲ್ಲದೆ, ಒಂದೂ ಗಂಟಿಲ್ಲದೆ ಅದು ನೆಲದ ಮೇಲೆ ಉದ್ದಕ್ಕೆ ಬಿಚ್ಚಿಕೊಂಡಿತು. ಆಮೇಲೆ ರಫೀಕ ಸುತ್ತಿದ್ದ ವೈರನ್ನು ಎಸೆದಳು. ನಾಲ್ಕು ಮಾರು ಹೋಗಿ ಸಿಕ್ಕುಬಿದ್ದು ನಿಂತಿತು.

“ನಾವೆಲ್ಲಾ ಮೊಣಕೈಗೆ ಸುತ್ತವರು. ಒಂದು ಸುತ್ತು ಬಿಟ್ಟು ಒಂದು ಮಗುಚಿ ಸುತ್ತವರು ಒಬ್ಬರ. ಇಪ್ಪತ್ತೊಂದು ವರ್ಷ ವೈರ್ ಸುತ್ತಿದ ಕೈಗೆ ಹಗ್ಗಾ ಸಿಕ್ಕ್ರೂ ಹಂಗ ಸುತ್ತತೈತಿ.” ಅವಳು ಅಂದಾನೆಪ್ಪನ ಎದುರು ಹೋಗಿ ನಿಂತಳು. “ಹೌದಿಲ್ಲೋ, ಅಂದಾನೆಪ್ಪಾ?”

ಅವನು ನೆಲ ನೋಡಿದ.

“ಕದ್ದು ಮಾರವನು ಹಗ್ಗಾ ಬಿಚ್ಚೂದಿಲ್ಲ. ಚರ್ಮಾ ತೆಗೆಯವನು ಬಿಚ್ಚತಾನ. ಅಂದ್ರ ಚರ್ಮ ಹರದಿತ್ತು. ಹರದದ್ದು ನಿನ್ನ ಕೈಲೆ. ಖರೇ ಏನು?”

“ಖರೇರಿ.”

“ನೀನಾ?” ಸೆಲಿನ್ ಮುಂದೆ ಬಂದಳು. “ಅಂದಾನೆಪ್ಪಣ್ಣಾ, ನೀನಾ? ಒಂದು ಮಾತು ಹೇಳಾಕ ಬರ್ತಿರಲಿಲ್ಲಾ ನಿಂಗ?”

“ಹೆಂಗ ಹೇಳ್ತಾನ?” ಅಂದಳು ಸುನಂದಾ. “ಹರದದ್ದು ಹೆಂಗಂತ ಕೇಳ್ತಿದ್ದಿ. ಅದನ್ನ ಹೇಳಿದ್ರ ಇನ್ನೊಂದು ಹೇಳಬೇಕಾಗ್ತಿತ್ತು. ನಾ ಬೆನ್ನು ತಿರುವಿ ಕೀಲಿ ಅಂದೆ, ಅಂವ ಗಾಳಿ ಅಂದ. ಎದುರಿಗೆ ನಿಂತು ಅದಕ್ಕಿಂತ ಸಣ್ಣಗೆ ಕೇಳಿದೆ, ಬರೋಬ್ಬರಿ ಹೇಳಿದ. ಅಂವ ಹಾರಿಸಿ ಮಾತಾಡಲಿಲ್ಲ, ಮೌನೇಶ. ಅವಗ ಕೇಳಸಲಿಲ್ಲ.”

ಅಂದಾನೆಪ್ಪನೇ ಬಾಯಿ ಬಿಟ್ಟ.

“ಎಡಗಿವಿ ಪೂರಾ ಹೋಗೇತ್ರಿ. ಬಲಗಿವ್ಯಾಗ ಅರ್ಧಾ ಉಳದೈತಿ. ಒಂದೂವರಿ ವರ್ಷಾತು. ಮುಂಡಗೋಡದಾಗ ನೀವೆಲ್ಲಾ ಊಟಕ್ಕ ಹೋದ್ರಿ, ನಾ ಟೆಂಪೋ ಹಿಂದ ತಗೊಂಡೆ. ಹಮಾಲ ನಿಲ್ಸು ನಿಲ್ಸು ಅಂತ ಒದರಿದ್ನಂತ. ಕೇಳಸಲಿಲ್ಲ. ಟೆಂಪೋ ಬಡದು ಸ್ಪೀಕರ್ ಪೆಟಗಿ, ಇನ್ನೂ ಟ್ರಂಕಿಗೆ ಹಾಕದ ಡಮಾಮಿ ಮ್ಯಾಲ ಬಿತ್ತು. ಹರದದ್ದನ್ನ ನಾನ ಒಳಗಿಟ್ಟು ಬೀಗಾ ಹಾಕಿದೆ.” ಅವನು ಮಿಕ್ಸರಿನ ಕಡೆ ನೋಡಿದ. “ಸೌಂಡ್ ನೋಡವನಿಗೆ ಕಿವಿ ಇಲ್ಲಂದ್ರ ಮಿಕ್ಸರ್ ಮುಂದ ಯಾರು ಕೂಡಸ್ತಾರ? ಇದೊಂದು ಕಡೀ ಷೋ ಆಗಲಿ, ಆಮ್ಯಾಲ ಹೇಳೂಣು ಅಂದ್ಕೊಂಡೆ. ಖೋಲ್ಯಾಗ ಹಗ್ಗಾ ಬಿಚ್ಚಿ ತ್ಯಾಪಿ ಹಾಕಾಕ ನೋಡಿದೆ. ಆಗಲಿಲ್ಲ. ಮಾಗ್ದಲೀನಾಬಾಯಿ ಕಡೆ ಒಯ್ದು ಕೊಟ್ಟೆ.”

ಮಾಗ್ದಲೀನಾ ಸೆಲಿನ್‌ಳ ಮಾವಶಿ, ತಾಯಿಯ ತಂಗಿ. ಹಳಿಯಾಳ ದಾಟಿದ ಮೇಲೆ ಕಾಡಂಚಿನ ಸಿದ್ದಿ ಹಳ್ಳಿಯಲ್ಲಿರುವವಳು. ಅಲ್ಲಿ ಫೋನು ಹತ್ತುವುದಿಲ್ಲ.

“ಗುರುವಾರ ಕೊಡ್ತೇನಿ ಅಂದಿದ್ರು. ಹೋದ್ರ, ಮೋಡಾ ಮುಚ್ಚಿ ಚರ್ಮಾ ಒಣಗಿರಲಿಲ್ಲ. ಇವತ್ತ ಮಧ್ಯಾಹ್ನ ಹೋಗಿ ತರಬೇಕಂತಿದ್ದೆ...”

ಸೆಲಿನ್‌ಳ ಸಿಟ್ಟು ಇಳಿದಿರಲಿಲ್ಲ. ಆದರೂ ಹತ್ತಿರ ಹೋಗಿ, ಅವನ ಗದ್ದ ಹಿಡಿದು ತನ್ನ ಮುಖದ ಕಡೆ ತಿರುಗಿಸಿದಳು.

“ಬರೇ ಡಮಾಮಿ ಹರದಿತ್ತಂದ್ರ ಬೈತಿದ್ದೆ. ಕಿವಿ ಮುಚ್ಚಿಟ್ಟಿದ್ದಕ್ಕ ಏನ್ ಮಾಡ್ಲಿ ನಿನ್ನ?” ಆಮೇಲೆ ರಫೀಕನ ಕಡೆ ತಿರುಗಿದಳು. “ಮುಂಜಾನೆ ಎದ್ದು ಏನ್ ಮಾಡ್ಲಿ ಅಂತ ಕೇಳ್ತಿದ್ದ್ಯಲ್ಲಾ? ನಾಳೆ ಈ ಅಣ್ಣನ್ನ ಹುಬ್ಬಳ್ಳಿಗೆ ಕಿವಿ ಡಾಕ್ಟರ್ ಕಡೆ ಕರಕೊಂಡ್ ಹೋಗು. ಇವತ್ತ ಸಂಜೀಕ ಅಂವ ಮಿಕ್ಸರ್ ಮುಂದ ಕುಂಡ್ರಲಿ.”

“ಹೆಂಗ ಕುಂಡ್ರಲಿ, ತಂಗಿ?” ಅಂದ ಅಂದಾನೆಪ್ಪ.

“ನಾ ಸ್ಟೇಜ್ ಮ್ಯಾಲಿಂದ ಕೈಸನ್ನಿ ಮಾಡ್ತೇನಿ,” ಅಂದ ರಫೀಕ. “ನನ್ನ ಮಾರೀ ಒಂದ ನೋಡ್ಕೊಂತ ಕುಂಡ್ರು.”

ಬಾಳೇಶ ಜೀಪಿನ ಕೀಲಿ ಚಾಚಿದ. ಸುನಂದಾ ಮತ್ತು ಸೆಲಿನ್ ಹಳಿಯಾಳದ ದಾರಿ ಹಿಡಿದಾಗ ಹನ್ನೊಂದಾಗಿತ್ತು.

ಮಾಗ್ದಲೀನಾ ಅಂಗಳದಲ್ಲಿ ಕೂತು ಹೊಸ ಹಗ್ಗದ ಕೊನೆಯ ಎಳೆ ಬಿಗಿಯುತ್ತಿದ್ದಳು. ಸೆಲಿನ್‌ಳೇ ಅಂದಾನೆಪ್ಪನನ್ನು ಕಳಿಸಿದ್ದಾಳೆ ಎಂದು ತಿಳಿದಿದ್ದಳು ಪಾಪ. ಸೆಲಿನ್ ಡಮಾಮಿಯನ್ನು ತೊಡೆಯ ಮೇಲಿಟ್ಟುಕೊಂಡು ಒಂದು ಪೆಟ್ಟು ಹಾಕಿದಳು. ಮುಖ ಬಾಡಿತು.

“ಮಾವಶಿ, ಇದು ಅಪ್ಪನ ದನಿ ಅಲ್ಲ.”

“ಹೆಂಗ ಆಗ್ತೈತಿ? ಚರ್ಮಾ ಹೊಸಾದು. ಒಂದು ವರ್ಷ ಬಾರಿಸಬೇಕು, ಆವಾಗ ದನಿ ಕೂಡ್ತೈತಿ.”

“ಒಂದ್ ವರ್ಷ? ಇವತ್ತ ನಮ್ಮದು ಕಡೀ ಷೋ.”

“ನಿಮ್ಮದು ಕಡೀದು,” ಅಂದಳು ಮಾಗ್ದಲೀನಾ, ಕೈಯ ಧೂಳು ಕೊಡವಿ ಎದ್ದು. “ಈ ಚರ್ಮಕ್ಕ ಮೊದಲನೇದು. ಈ ಕೇರ್ಯಾಗ ಹೆಣ್ಮಕ್ಕಳು ಹತ್ತು ಮಂದಿ ಅದಾರ, ತಾಳ ಕಲಿಸು ಅಂತ ನನ್ನ ಜೀವಾ ತಿಂತಾರ. ನನ್ನ ರಟ್ಟಿ ಸೋತಾವು. ಐತವಾರಕ್ಕೊಮ್ಮೆ ನೀ ಬಾ.”

ಜೀಪಿನಲ್ಲಿ ಅರ್ಧ ದಾರಿ ಬಂದ ಮೇಲೆ ಸೆಲಿನ್, ಮಡಿಲಲ್ಲಿದ್ದ ಡಮಾಮಿಯ ಮೇಲೆ ಬೆರಳಾಡಿಸುತ್ತ ಕೇಳಿದಳು—“ಅಕ್ಕಾರ, ದಾಂಡೇಲಿಯಿಂದ ಹಳಿಯಾಳಕ್ಕ ಐತವಾರ ಮುಂಜಾನೆ ಮೊದಲನೇ ಬಸ್ ಎಷ್ಟಕ್ಕ ಐತ್ರಿ?”

ಸಂಜೆ ಐದಕ್ಕೆ ಹೊಳೆದಂಡೆ ತುಂಬಿತ್ತು. ಸೆಲಿನ್ ಏಳು ಪೆಟ್ಟು ಹಾಕಿದಳು. ದನಿ ಎಂದಿಗಿಂತ ತೀಕ್ಷ್ಣವಾಗಿತ್ತು, ಎಳೆಯದಾಗಿತ್ತು. ವೇದಿಕೆಯ ಮೇಲಿಂದ ರಫೀಕ ಅಂಗೈಯನ್ನು ಒಂದಿಷ್ಟು ಕೆಳಗಿಳಿಸಿ ತೋರಿಸಿದ. ಜನರ ನಡುವೆ, ಮಿಕ್ಸರಿನ ಮುಂದೆ, ಅಂದಾನೆಪ್ಪ ಅವನ ಮುಖದಿಂದ ಕಣ್ಣು ಕೀಳದೆ ಒಂದು ಗುಂಡಿಯನ್ನು ಕೂದಲೆಳೆಯಷ್ಟು ತಿರುಗಿಸಿದ.

ರಫೀಕ ತಲೆಯಾಡಿಸಿದ. ಸರಿಯಾಗಿತ್ತು.

ಮೌನೇಶ ಮೈಕಿನ ಹತ್ತಿರ ಬಂದು ಬಾಯಿ ತೆರೆದ.