ರಿಫ್ಲೆಕ್ಟರ್ ಹಿಂದಿನ ನಟ್

ಮುನಿಶಾಮಮ್ಮ ರಸ್ತೆ ಪಕ್ಕದ ಚರಂಡಿಯಲ್ಲಿ ಬೋರಲಾಗಿ ಬಿದ್ದಿದ್ದಳು. ಅವಳ ಹಾಲಿನ ಕ್ಯಾನು ಹೊಂಗೆ ಮರದ ಬುಡಕ್ಕೆ ಉರುಳಿಹೋಗಿತ್ತು. ಮೊದಲು ನೋಡಿದವಳು ಶ್ಯಾಮಲಾ. ಬೆಳಿಗ್ಗೆ ಡೈರಿಗೆ ಹಾಲು ಹಾಕಲು ಹೊರಟಿದ್ದಳು. ಅವಳು ಕಿರುಚಿದ್ದಕ್ಕೆ ಬೂದಿಕೋಟೆ ರಸ್ತೆಯ ಆ ಸಣ್ಣ ಊರಿಗೆ ಊರೇ ಓಡಿಬಂತು.

"ಯಾವನೋ ಗುದ್ಬುಟ್ಟು ಓಗವ್ನೆ."

ಯಾರೋ ಕೈ ಹಿಡಿದು ನೋಡಿದರು. ಮೈ ತಣ್ಣಗಾಗಿತ್ತು. ಕೂಲಿನಾಲಿ ಮಾಡಿಕೊಂಡು, ಒಂದು ಹಸು ಕಟ್ಟಿಕೊಂಡು, ಯಾರ ತಂಟೆಗೂ ಹೋಗದ ಹೆಂಗಸು. ಅಂಥವಳನ್ನು ಬೀದಿಯಲ್ಲಿ ಬಿಟ್ಟು ಹೋಗಲು ಯಾವ ಪಾಪಿಗೆ ಮನಸ್ಸು ಬಂತೋ!

ಎಸ್‌ಐ ಅಂಬಿಕ ಜೀಪಿನಿಂದ ಇಳಿದರು. ಕಾನ್‌ಸ್ಟೆಬಲ್ ಸೆಲ್ವರಾಜ್ ಹುಲ್ಲು ಕೆದಕಿದ. ಬಿರುಕು ಬಿಟ್ಟ ಕೆಂಪು ರಿಫ್ಲೆಕ್ಟರ್ ಸಿಕ್ಕಿತು. ಪಕ್ಕದಲ್ಲೇ ಬೈಕಿನ ಹಿಂದಿನ ಮಡ್‌ಗಾರ್ಡ್, ಎರಡು ತುಂಡು. ಅವನು ತಲೆಯೆತ್ತಿ ಜನರ ಹಿಂದೆ ನಿಂತಿದ್ದ ಬೈಕುಗಳನ್ನು ಒಂದೊಂದಾಗಿ ನೋಡಿದ. ಒಂದರ ಹಿಂಭಾಗ ಬೋಳಾಗಿತ್ತು.

"ಯಾರ್ದಿದು?"

"ನಂದು ಸಾರ್," ಎಂದ ಚಿರಂಜೀವಿ. ಶ್ಯಾಮಲಾಳ ತಮ್ಮ.

"ಮಡ್‌ಗಾರ್ಡ್ ಎಲ್ಲೋಯ್ತು?"

"ಬಿಚ್ಚಿಸ್ದೆ ಸಾರ್. ಹಿಂದೆ ಅಷ್ಟುದ್ದ ಜೋತಾಡ್ತಿತ್ತು, ನೀಟಾಗಿರ್ಲಿ ಅಂತ. ಓದ ವಾರ, ಕುಪ್ಪುಸ್ವಾಮಿ ಮಾಮನ ಗ್ಯಾರೇಜಲ್ಲಿ."

ಸೆಲ್ವರಾಜ್ ತುಂಡನ್ನು ಬೈಕಿನ ಹಿಂದೆ ಹಿಡಿದ. ಸರಿಯಾಗಿ ಕೂತಿತು. ಅಲ್ಲಿಂದಲೇ ರಾಬರ್ಟ್‌ಸನ್‌ಪೇಟೆಯ ಗ್ಯಾರೇಜಿಗೆ ಫೋನ್ ಹಚ್ಚಿದ. ಸ್ಪೀಕರ್‌ನಲ್ಲಿ ಮುದಿ ದನಿ ಕೇಳಿತು.

"ಆ ಗಾಡಿ ನಾನ್ ಮುಟ್ಟೇ ಇಲ್ಲ ಸಾಮಿ."

ಮುಗಿಯಿತು. ಚಿರಂಜೀವಿಯನ್ನು ಜೀಪಿಗೆ ಹತ್ತಿಸಿದರು.

"ಅಕ್ಕಾ, ನಾನಲ್ಲ ಅಕ್ಕಾ! ನಾನು ಮಲಗಿದ್ದೆ ಅಕ್ಕಾ!"

ಮಲಗಿದ್ದನ್ನು ನೋಡಿದವರು ಯಾರು? ಅವನು ಒಬ್ಬನೇ ಇರುವ ಮನೆ. ಅಪ್ಪ ಅಮ್ಮ ತೀರಿಕೊಂಡ ಮೇಲೆ ಅವನಿಗೆ ಉಣ್ಣಿಸಿ ಬೆಳೆಸಿದವಳು ಶ್ಯಾಮಲಾ. ಜೀಪಿನ ಬಾಗಿಲಿಗೆ ಜೋತುಬಿದ್ದಳು.

"ಬಿಡಮ್ಮ," ಎಂದರು ಅಂಬಿಕ. "ಸಾಯಂಕಾಲ ಮ್ಯಾಜಿಸ್ಟ್ರೇಟ್ ಮುಂದೆ ಹಾಜರುಪಡಿಸಬೇಕು. ಅಷ್ಟರೊಳಗೆ ಏನಾದರೂ ಸಾಕ್ಷಿ ಇದ್ದರೆ ತಗೊಂಡು ಬಾ. ಕೇಳ್ತೀನಿ."

* * *

ಶ್ಯಾಮಲಾಳ ಗಂಡ ಶ್ರೀಧರ್ ಸ್ಕೂಟರ್ ತಂದು ನಿಲ್ಲಿಸಿದ. ದಿನಾ ಗೂಡ್ಸ್ ಆಟೋದಲ್ಲಿ ಬಂಗಾರಪೇಟೆ ಮಾರ್ಕೆಟ್ಟಿಗೆ ತರಕಾರಿ ಸಾಗಿಸುವವನು.

"ಆಟೋ ಎಲ್ರೀ?"

"ಸರ್ವೀಸ್‌ಗೆ ಬಿಟ್ಟಿದೀನಿ. ಹತ್ತು ಬೇಗ. ಅಳ್ಬೇಡ, ನಾನಿದೀನಿ."

ಆ ಮಾತಿಗೆ ಅವಳಿಗೆ ಹೋದ ಜೀವ ಮರಳಿ ಬಂದಂತಾಯಿತು. ಅವನ ಹೆಗಲು ಹಿಡಿದು ಕೂತಳು.

"ಆಲಿನ ಟ್ಯಾಂಕರ್‌ನೋನೇ ಇರ್ಬೇಕು," ಎಂದ ಶ್ರೀಧರ್. "ಆ ನನ್ಮಗ ಕಣ್ಮುಚ್ಕೊಂಡು ಓಡಿಸ್ತಾನೆ."

ಬಂಗಾರಪೇಟೆಗೆ ಹೋಗಿ ಟ್ಯಾಂಕರ್ ಹುಡುಕಿದರು. ನಿನ್ನೆಯಿಂದ ಶೆಡ್ಡಿನಲ್ಲಿ ಚಕ್ರ ಬಿಚ್ಚಿಕೊಂಡು ನಿಂತಿತ್ತು. ಡ್ರೈವರ್ ಪಕ್ಕದಲ್ಲೇ ಕೂತು ಇಡ್ಲಿ ತಿನ್ನುತ್ತಿದ್ದ. ಹೊತ್ತು ಏರುತ್ತಿತ್ತು, ಶ್ಯಾಮಲಾಳ ಕೈಯಲ್ಲಿ ಏನೂ ಇರಲಿಲ್ಲ.

ಸ್ಟೇಷನ್ನಿಗೆ ಹೋಗಿ ಅಂಬಿಕ ಅವರ ಮೇಜಿನ ಮುಂದೆ ನಿಂತಳು.

"ಮೇಡಂ, ಆ ಸಾಮಾನು ಒಂದ್ಸಲ ತೋರ್ಸಿ. ನಿಮ್ಮ ಕಾಲಿಗೆ ಬೀಳ್ತೀನಿ."

"ಕಾಲಿಗೆಲ್ಲ ಬೀಳಬೇಡ. ಕವರ್ ಬಿಚ್ಚೋ ಹಾಗಿಲ್ಲ, ಮೇಲಿಂದಲೇ ನೋಡು."

ಪ್ಲಾಸ್ಟಿಕ್ ಕವರಿನಲ್ಲಿ ರಿಫ್ಲೆಕ್ಟರ್ ಇತ್ತು. ಶ್ಯಾಮಲಾ ಅದನ್ನು ತಿರುಗಿಸಿದಳು. ಹಿಂದೆ ಬೋಲ್ಟ್ ನೆಟ್ಟಗಿತ್ತು. ಬೋಲ್ಟಿನ ಮೇಲೆ ವಾಷರ್, ವಾಷರ್ ಮೇಲೆ ನಟ್. ಕೊನೆಯ ಸುತ್ತಿನವರೆಗೂ ಅಚ್ಚುಕಟ್ಟಾಗಿ ತಿರುಪಿದ್ದರು.

ಆ ನಟ್ ಅವಳಿಗೆ ಗುರುತು ಹತ್ತಿತು. ಅಪ್ಪ ಕೆಜಿಎಫ್ ಗಣಿಯಲ್ಲಿ ಫಿಟ್ಟರ್ ಆಗಿದ್ದವರು. ಮನೆಯ ಸೈಕಲ್ ಬಿಚ್ಚಿದರೂ, ಕಳಚಿದ ನಟ್ಟನ್ನು ಅದರದೇ ಬೋಲ್ಟಿಗೆ ತಿರುಪಿ ಇಡುತ್ತಿದ್ದರು. ಗಣಿಯಲ್ಲಿ ಕಲಿತ ಅಭ್ಯಾಸ. ಮೇಲಿನಿಂದ ಒಂದು ನಟ್ ಜಾರಿದರೆ ಕೆಳಗಿದ್ದವನ ತಲೆ ಒಡೆಯುತ್ತದೆ ಎನ್ನುತ್ತಿದ್ದರು. ಅದೇ ವರ್ಕ್‌ಶಾಪಿನಲ್ಲಿ ಅಪ್ಪನ ಜೊತೆ ದುಡಿದವರು ಕುಪ್ಪುಸ್ವಾಮಿ.

"ರೀ, ರಾಬರ್ಟ್‌ಸನ್‌ಪೇಟೆಗೆ ನಡೀರಿ," ಎಂದಳು ಹೊರಗೆ ಬಂದು.

"ಅಲ್ಲಿಗ್ಯಾಕೆ? ಆ ಮುದುಕ ಇಲ್ಲ ಅಂದ್ನಲ್ಲ!"

"ನಡೀರಿ ಅಂದ್ರೆ ನಡೀರಿ."

* * *

"ನೀನೋಗ್ಬಾ. ನಾನಿಲ್ಲೇ ಟೀ ಕುಡೀತಿರ್ತೀನಿ," ಎಂದು ಶ್ರೀಧರ್ ಬಸ್‌ಸ್ಟ್ಯಾಂಡಿನ ಹತ್ತಿರವೇ ಉಳಿದ.

ಗ್ಯಾರೇಜಿನ ಗೋಡೆಗೆ ಹಳೆಯ ಸಾಮಾನುಗಳು ತೂಗಾಡುತ್ತಿದ್ದವು. ಹ್ಯಾಂಡಲ್, ಫುಟ್‌ರೆಸ್ಟ್, ಕನ್ನಡಿಯ ಕಾಲು. ಎಲ್ಲದಕ್ಕೂ ಅದರದರ ನಟ್ ತಿರುಪಿದ್ದರು. ಶ್ಯಾಮಲಾ ಒಂದನ್ನು ಕಿತ್ತು ಕುಪ್ಪುಸ್ವಾಮಿಯ ಮುಂದೆ ಹಿಡಿದಳು.

"ಮಾಮ, ಸ್ಟೇಷನ್‌ನಲ್ಲಿರೋ ರಿಫ್ಲೆಕ್ಟರ್‌ಗೂ ಇಂಗೇ ನಟ್ ಆಕೈತೆ. ಇದು ನಿನ್ ಕೈಕೆಲ್ಸ. ಮುಟ್ಟಿಲ್ಲ ಅಂತ ಯಾಕೆ ಸುಳ್ಳು ಏಳ್ದೆ? ನನ್ ತಮ್ಮನ್ನ ಜೈಲಿಗಾಕ್ತಾರೆ ಮಾಮ!"

ಮುದುಕನ ಕೈಯಿಂದ ಸ್ಪ್ಯಾನರ್ ಜಾರಿತು. "ಅಯ್ಯೋ ಕಡವುಳೇ, ದೇವ್ರೇ! ಜೈಲಾ? ಪೊಲೀಸ್ ಫೋನ್ ಮಾಡಿದ್ರೆ ಇಲ್ಲ ಅಂದ್ಬುಡು, ರಿಫ್ಲೆಕ್ಟರ್ ಬಿಚ್ಚಿದ್ದಕ್ಕೆ ನಿನ್ನೇ ಒಳಗಾಕ್ತಾರೆ ಅಂತ ಏಳಿದ್ರಮ್ಮಾ. ನಾನ್ ಭಯಪಟ್ಟೆ."

"ಯಾರು ಏಳಿದ್ದು?"

"ನಿಮ್ಮ ಯಜಮಾನ್ರೇ. ಬೆಳಿಗ್ಗೆ ಬೆಳಿಗ್ಗೆನೇ ಫೋನ್ ಮಾಡಿದ್ರು. ಆಟೋಗೆ ಹೆಡ್‌ಲೈಟ್ ಗ್ಲಾಸ್ ಐತಾ ಅಂತ ಕೇಳಿ, ಆಮೇಲೆ ಇದನ್ನ ಏಳಿದ್ರು."

ಶ್ಯಾಮಲಾಗೆ ಮುಂದೆ ಕೇಳುವುದೇ ಬೇಡವೆನಿಸಿತು. ಆದರೂ ಕೇಳಿದಳು. ಕೇಳದಿದ್ದರೆ ತಮ್ಮ ಹೋಗುತ್ತಿದ್ದ.

"ಬಿಚ್ಚಿದ ಸಾಮಾನು ಯಾರ ಕೈಗೆ ಕೊಟ್ಟೆ?"

"ಅವ್ರಿಗೇ. ಪಂಕ್ಚರ್ ಹಾಕ್ಸೋಕೆ ಬಂದಿದ್ರು. ತಂಬಿ ಮರೆತೋಗವ್ನೆ, ನಾನ್ ಕೊಡ್ತೀನಿ ಅಂತ ಚೀಲದಲ್ಲಾಕಿ ಆಟೋ ಸೀಟ್ ಕೆಳಗಿಟ್ಕೊಂಡ್ರು."

ದೇವರೇ, ಇದು ಸುಳ್ಳಾಗಲಿ ಎಂದುಕೊಂಡಳು. ಸುಳ್ಳಾದರೆ ಚಿರಂಜೀವಿ ಉಳಿಯುವುದಿಲ್ಲ, ನಿಜವಾದರೆ ಸಂಸಾರ ಉಳಿಯುವುದಿಲ್ಲ. ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಮಾಮ, ನಮ್ ಹಿಂದೇನೇ ಸ್ಟೇಷನ್‌ಗೆ ಬಾ. ಇದನ್ನೇ ಏಳು."

ಬಸ್‌ಸ್ಟ್ಯಾಂಡಿನಲ್ಲಿ ಶ್ರೀಧರ್ ಅವಳಿಗಾಗಿ ಎಳನೀರು ಕೊಚ್ಚಿಸಿ ಹಿಡಿದಿದ್ದ.

"ಬೆಳಿಗ್ಗೆಯಿಂದ ಏನೂ ಕುಡಿದಿಲ್ಲ ನೀನು. ಏನಾದ್ರೂ ಸಿಕ್ತಾ?"

"ಸಿಕ್ತು. ಸ್ಟೇಷನ್‌ಗೆ ಬಿಡಿ."

ಈ ಸಲ ಅವಳು ಅವನ ಹೆಗಲು ಹಿಡಿಯಲಿಲ್ಲ. ಸೀಟಿನ ಹಿಂದಿನ ಕಂಬಿ ಹಿಡಿದು ಕೂತಳು.

* * *

"ಮೇಡಂ, ರಿಫ್ಲೆಕ್ಟರ್ ಕಿತ್ತು ಬಿದ್ದಿದ್ರೆ ನಟ್ ಎಲ್ಲಿರ್ಬೇಕು?" ಎಂದಳು ಶ್ಯಾಮಲಾ. "ಮಡ್‌ಗಾರ್ಡ್‌ನ ಆ ಕಡೆ ಉಳೀಬೇಕು. ಇಲ್ಲ ಬೋಲ್ಟೇ ಮುರೀಬೇಕು. ಇಲ್ಲಿ ನೋಡಿ, ಮಡ್‌ಗಾರ್ಡ್ ಬೇರೆ ಬಿದ್ದೈತೆ, ರಿಫ್ಲೆಕ್ಟರ್ ಬೇರೆ. ನಟ್ ಮಾತ್ರ ತನ್ನ ಬೋಲ್ಟಲ್ಲೇ ಕೂತೈತೆ. ಕೈಯಾರೆ ಬಿಚ್ಚಿ, ಕೈಯಾರೆ ತಿರುಪಿಟ್ಟಿದ್ದು. ಆಮೇಲೆ ಯಾರೋ ತಂದು ತುಳಿದು ಒಡೆದು ಎಸ್ದವ್ರೆ."

ಅಂಬಿಕ ಕವರನ್ನು ಬೆಳಕಿಗೆ ಹಿಡಿದರು. ಸೆಲ್ವರಾಜ್ ಕಡೆ ಒಂದು ಕೆಟ್ಟ ನೋಟ ಬೀರಿದರು. ಪಾಪ, ಅವನು ತಲೆ ಕೆರೆದುಕೊಂಡ.

"ಬಿಚ್ಚಿದ್ದು ನಾನೇ ಸಾಮಿ," ಎಂದರು ಬಾಗಿಲಲ್ಲಿ ಬಂದು ನಿಂತ ಕುಪ್ಪುಸ್ವಾಮಿ, ಏದುಸಿರು ಬಿಡುತ್ತಾ. "ತಗೊಂಡೋಗಿದ್ದು ಇವ್ರು."

ಶ್ರೀಧರ್ ಬೆಂಚಿನಿಂದ ಎದ್ದು ನಿಂತ. "ಮುದುಕನಿಗೆ ತಲೆ ಕೆಟ್ಟೈತೆ!"

"ಆಟೋ ಎಲ್ಲಿ?" ಎಂದರು ಅಂಬಿಕ.

"ಸರ್ವೀಸ್‌ಗೆ..."

"ಯಾವ ಶೆಡ್ಡು? ಹೆಸರು ಹೇಳಿ, ಈಗಲೇ ಹೋಗೋಣ. ಹೆಡ್‌ಲೈಟ್ ನೋಡೋಣ."

ಶ್ರೀಧರ್ ಬೆಂಚಿನ ಮೇಲೆ ಕುಸಿದ. ಅವನು ಅಂಬಿಕ ಅವರ ಮುಖ ನೋಡಲಿಲ್ಲ, ಹೆಂಡತಿಯ ಮುಖವನ್ನೇ ನೋಡಿದ.

"ಮಾರ್ಕೆಟ್ಟಿಂದ ಫೋನ್ ಬಂತು ಶ್ಯಾಮಲಾ, ತಲೆ ಬಗ್ಗಿಸಿದೆ ಅಷ್ಟೇ. ಆಟೋಗೆ ಇನ್ಶೂರೆನ್ಸ್ ಇರ್ಲಿಲ್ಲ. ಸೀಟ್ ಕೆಳಗೆ ಆ ಚೀಲ ಕೈಗೆ ಸಿಕ್ತು. ಚಿರಂಜೀವಿಗೇನು, ಎಂಡ್ತಿ ಇಲ್ಲ ಮಕ್ಕಳಿಲ್ಲ. ಲಾಯರ್ ಇಟ್ಟು ಬಿಡಿಸ್ಕೊಂಡು ಬರೋಣ ಅಂದ್ಕೊಂಡಿದ್ದೆ. ನನಗಾದ್ರೆ ನೀನಿದೀಯ, ಮಗಳು ಲಿಖಿತ ಅವ್ಳೆ."

"ಅವ್ನಿಗೆ ನಾನಿರ್ಲಿಲ್ವಾ?" ಎಂದಳು ಶ್ಯಾಮಲಾ.

ಅವನು ತಲೆ ತಗ್ಗಿಸಿದ. ಅವಳು ಬಿಡಲಿಲ್ಲ.

"ಮುನಿಶಾಮಮ್ಮನಿಗೆ ಆಗ ಜೀವ ಇತ್ತಾ?"

"ಅವ್ವಾ... ಅಂದ್ಲು," ಎಂದ ಶ್ರೀಧರ್, ಮುಖ ಮುಚ್ಚಿಕೊಂಡು. "ಒಂದೇ ಸಲ."

ಅಲ್ಲಿಯವರೆಗೂ ತಡೆದಿದ್ದ ಅಳು ಆಗ ಒಡೆಯಿತು. ಶ್ಯಾಮಲಾ ಗೋಡೆಗೆ ಒರಗಿ ಬಿಕ್ಕಿ ಬಿಕ್ಕಿ ಅತ್ತಳು. ಅಂಬಿಕ ನೀರು ತರಿಸಿದರು. ಅವಳು ಮುಟ್ಟಲಿಲ್ಲ.

ಚಿರಂಜೀವಿಯನ್ನು ಒಳಗಿನಿಂದ ಕರೆತಂದರು. ಅವನು ಬೆಂಚಿನ ಕಡೆ ನೋಡಿದ.

"ಭಾವ ಯಾಕಕ್ಕಾ ಇಲ್ಲಿ ಕುಂತವ್ರೆ?"

ಅವಳು ಅವನ ಕೈ ಹಿಡಿದು ಹೊರಗೆ ನಡೆದಳು. ಮೆಟ್ಟಿಲ ಪಕ್ಕದಲ್ಲಿ ಸ್ಕೂಟರ್ ನಿಂತಿತ್ತು. ಎಳನೀರು ಕುಡಿಯದೆ ಹಾಗೇ ಅದರ ಕಾಲಿಡುವ ಜಾಗದಲ್ಲಿತ್ತು.

"ಬಸ್ಸಿಗೋಗೋಣ," ಎಂದಳು. "ಲಿಖಿತ ಸ್ಕೂಲಿಂದ ಬರೋ ಒತ್ತಾಯ್ತು. ಅಪ್ಪ ಎಲ್ಲಿ ಅಂತ ಕೇಳ್ತಾಳೆ."