ಮೇಲೇಳದ ಕಾರ್ಡು

ಫಕೀರಪ್ಪ ನಡೆಯುವುದನ್ನು ಕಂಡವರು ಅವನ ಬೆನ್ನುಹುರಿ ತುಂಡಾಗಿದೆ ಎಂದರೆ ನಂಬುತ್ತಿರಲಿಲ್ಲ. ಹುಬ್ಬಳ್ಳಿಯಲ್ಲಿ ಲೈನ್‌ಮನ್ ಆಗಿದ್ದವನು, ವಿದ್ಯುತ್ ಕಂಬದಿಂದ ಬಿದ್ದು ಸೊಂಟದ ಕೆಳಗೆ ಸ್ವಾಧೀನ ಕಳೆದುಕೊಂಡಿದ್ದ. ಆಗ ಡಾಕ್ಟರ್ ಅನ್ನಪೂರ್ಣಾ ಕಟ್ಟೀಮನಿ ತಾನು ಕಂಡುಹಿಡಿದ ನರಸೇತುವೆಯನ್ನು ಅವನಿಗೆ ಕೂರಿಸಿದಳು. ಚರ್ಮದಡಿ ಬೆಂಕಿಪೊಟ್ಟಣದಷ್ಟು ಕಂಪ್ಯೂಟರು. ಅದನ್ನು ನಡೆಸಲು ಒಳಗೆ ಅಜ್ಜಂದಿರ ಕಾಲದಿಂದ ನಡೆದುಬಂದ ಲಿನಕ್ಸ್ ಎಂಬ ತಂತ್ರಾಂಶ. ಮೆದುಳಿನ ಅಪ್ಪಣೆಯನ್ನು ತುಂಡಾದ ಜಾಗ ದಾಟಿಸಿ ಕಾಲಿಗೆ ಮುಟ್ಟಿಸುವುದು ಅದರ ನೆಟ್‌ವರ್ಕ್ ಕಾರ್ಡಿನ ಕೆಲಸ. ಫಕೀರಪ್ಪ ಮಗಳ ಮದುವೆಯಲ್ಲಿ ಕುಣಿದ. ಹೆಂಡತಿ ಬೇಡವೆಂದರೂ ಕೇಳದೆ ಮತ್ತೆ ಕಂಬ ಹತ್ತಿದ.

ಎಡಗಾಲು ತುಸು ಎಳೆಯುತ್ತದೆ ಎಂದು ಆ ದಿನ ಆಸ್ಪತ್ರೆಗೆ ತಾನೇ ನಡೆದು ಬಂದಿದ್ದ. ಒಮ್ಮೆ ಆರಿಸಿ ಹಚ್ಚಿದರೆ ಸರಿಹೋಗುತ್ತದೆ ಎಂದಳು ಅನ್ನಪೂರ್ಣಾ. ಕಂಪ್ಯೂಟರ್ ಮುಟ್ಟಿದವರೆಲ್ಲ ಆಡುವ ಮೊದಲ ಮಾತೇ ಅದು, ಅದಕ್ಕೆ ಯಾರೂ ಯೋಚಿಸುವುದಿಲ್ಲ. ಆರಿಸಿದಳು, ಹಚ್ಚಿದಳು. ಫಕೀರಪ್ಪನ ಎರಡು ಕಾಲೂ ಮಂಚದ ಮೇಲೆ ಯಾರೋ ಬಿಟ್ಟುಹೋದ ಸಾಮಾನಿನಂತೆ ಬಿದ್ದಿದ್ದವು.

ಲಿನಕ್ಸಿಗೆ ಕಾರ್ಡು ಕಾಣುತ್ತಿತ್ತು, ಹೆಸರೂ ತೋರಿಸುತ್ತಿತ್ತು; ಮೇಲೇಳು ಎಂದರೆ ಮಾತ್ರ ಏಳಲೊಲ್ಲದು. ಡ್ರೈವರ್ ಎಂದರೆ ಕಾರ್ಡಿನ ಭಾಷೆ ಬಲ್ಲ ತಂತ್ರಾಂಶ. ಅದನ್ನು ತೆಗೆದು ಮತ್ತೆ ಹಾಕಿ ನೋಡಿದಳು. ಲಿನಕ್ಸಿನ ತಿರುಳಾದ ಕರ್ನೆಲ್ ಹಳೆಯದನ್ನು ಹಚ್ಚಿ ನೋಡಿದಳು. ಕೊನೆಗೆ ಕಂಪ್ಯೂಟರಿನ ದಿನಚರಿಯಾದ ಲಾಗ್‌ನಲ್ಲಿ ಒಂದು ಸಾಲು ಕಣ್ಣಿಗೆ ಬಿತ್ತು: ಫರ್ಮ್‌ವೇರ್ ಸಿಗಲಿಲ್ಲ.

ಈ ಕಾರ್ಡು ಹುಟ್ಟಾ ಮರೆಗುಳಿ. ಕರೆಂಟು ಹೋದರೆ ತನ್ನ ಕೆಲಸವನ್ನೇ ಮರೆಯುತ್ತದೆ. ಪ್ರತಿ ಸಲ ಏಳುವಾಗಲೂ ಫರ್ಮ್‌ವೇರ್ ಎಂಬ ಕಡತದಿಂದ ಲಿನಕ್ಸ್ ಅದಕ್ಕೆ ಪಾಠ ಹೇಳಬೇಕು. ಕಡತ ಕಾರ್ಡು ಮಾಡಿದ ಕಂಪನಿಯ ಸ್ವತ್ತು. ಪರವಾನಗಿ ಮುಗಿದಿದ್ದರಿಂದ ಹೋದ ಅಪ್‌ಡೇಟಿನಲ್ಲಿ ತನ್ನಷ್ಟಕ್ಕೆ ಅಳಿಸಿಹೋಗಿತ್ತು. ಪ್ರತಿ ಇಟ್ಟುಕೊಳ್ಳಲು ಪರವಾನಗಿಯ ಷರತ್ತು ಬಿಟ್ಟಿರಲಿಲ್ಲ. ಕೇಳೋಣವೆಂದರೆ ಕಂಪನಿ ಬಾಗಿಲು ಹಾಕಿ ಕಾಲವಾಗಿತ್ತು. ಕಂಪನಿ ಸತ್ತರೂ ಷರತ್ತು ಗಟ್ಟಿಮುಟ್ಟಾಗಿ ಬದುಕಿತ್ತು ನೋಡಿ! ಹೊಸ ಸೇತುವೆ ಕೂರಿಸುವಂತೆಯೂ ಇಲ್ಲ. ಹಳೆಯದು ನರಕ್ಕೆ ಬೆಸೆದುಕೊಂಡಿತ್ತು, ಕಿತ್ತರೆ ಜೀವಕ್ಕೇ ಕುತ್ತು.

ಸೇತುವೆ ಹಾಕಿಸಿಕೊಂಡ ಇನ್ನೊಬ್ಬಳು ಬಳೆ ಮಾರುವ ಮೆಹಬೂಬ್‌ಬಿ. ಅವಳ ಚರ್ಮದಡಿಯ ಪೆಟ್ಟಿಗೆಯಿಂದಲೂ ಕಡತ ಹೋಗಿತ್ತು. ಆದರೆ ಅವಳದನ್ನು ಯಾರೂ ಆರಿಸಿರಲಿಲ್ಲವಾಗಿ, ಕಾರ್ಡಿನ ನೆನಪಿನಲ್ಲಿ ಪಾಠ ಇನ್ನೂ ಉಳಿದಿತ್ತು. ಹೇಳಿಕಳಿಸಿದಾಗ ಬಳೆಬುಟ್ಟಿಯೊಂದಿಗೇ ಬಂದಳು. ಅನ್ನಪೂರ್ಣಾ ಏನನ್ನೂ ಮುಚ್ಚಿಡಲಿಲ್ಲ. ಪಾಠವನ್ನು ಹೊರತೆಗೆಯಬೇಕಾದರೆ ಅವಳ ಕಾರ್ಡನ್ನು ನಡುವೆಯೇ ನಿಲ್ಲಿಸಬೇಕು. ಕೈಗೂಡಿದರೆ ಇಬ್ಬರೂ ನಡೆಯುತ್ತಾರೆ, ತಪ್ಪಿದರೆ ಇಬ್ಬರೂ ಮಲಗುತ್ತಾರೆ. ಯಾವುದಾಗುತ್ತದೋ ತನಗೂ ಗೊತ್ತಿಲ್ಲ ಎಂದಳು.

ಫಕೀರಪ್ಪ ಗೋಡೆಯ ಕಡೆ ಮುಖ ತಿರುಗಿಸಿದ. ಬೇಡ ಬಿಡು ತಂಗಿ ಎಂದು ದೊಡ್ಡ ಮನಸ್ಸು ತೋರಿಸಬಹುದಿತ್ತು, ತೋರಿಸಲಿಲ್ಲ. ಅವನಿಗೆ ಕಾಲು ಬೇಕಿತ್ತು.

“ನಾ ಒಲ್ಲೆರಿ ಅಕ್ಕಾರ,” ಎಂದಳು ಮೆಹಬೂಬ್‌ಬಿ. “ಅಣ್ಣಾರ ಮುಖಾ ನೋಡಾಕ ಆಗವಲ್ದು, ಖರೆ. ಆದ್ರ ಈ ಕಾಲು ನನ್ನವು.” ತುಸು ತಡೆದು ಕೇಳಿದಳು: “ನನ್ನವ ಹೌದಲ್ರಿ?”

ಅನ್ನಪೂರ್ಣಾಳ ನೋಟ ಅವಳ ಪೆಟ್ಟಿಗೆಯಿದ್ದ ಕಡೆ ಸರಿಯಿತು. ಅದರ ಬ್ಯಾಟರಿ ಎಂದಾದರೊಂದು ದಿನ ಕೈಕೊಡುವುದೇ, ಆಗ ಆ ಕಾರ್ಡೂ ಪಾಠ ಮರೆಯುವುದೇ. ಮೆಹಬೂಬ್‌ಬಿಗೂ ಅರ್ಥವಾಯಿತೇನೋ, ಬುಟ್ಟಿ ಎತ್ತಿಕೊಂಡು ತುಂಬಿದ ಕೊಡ ಹೊತ್ತವಳಂತೆ ಮೆಲ್ಲಗೆ ಹೆಜ್ಜೆ ಇಟ್ಟು ಹೊರಟಳು. ಅವಳ ಚಪ್ಪಲಿಯ ಸದ್ದನ್ನು ಫಕೀರಪ್ಪ ಕೊನೆಯವರೆಗೂ ಕೇಳಿಸಿಕೊಂಡ.

“ಆ ಷರತ್ತಿಗೆ ಒಪ್ಪಿದವ್ರು ಯಾರ್ರಿ?” ಎಂದ ಆಮೇಲೆ.

“ನಾನ.”

“ಓದಿದ್ರೇನ್ರಿ?”

“ಇಲ್ಲ ಫಕೀರಪ್ಪಾರ.”

ಬಹಳ ಹಿಂದಿನ ಒಂದು ಮಧ್ಯಾಹ್ನ ಅದು. ಪರದೆಯ ತುಂಬ ಸಣ್ಣ ಅಕ್ಷರದ ಷರತ್ತುಗಳು. ಬೆರಳಿನಿಂದ ಸರ್ರನೆ ಕೆಳಗೆ ಸರಿಸಿದ್ದಳು. ಕೊನೆಯಲ್ಲಿ ‘ಒಪ್ಪಿದ್ದೇನೆ’ ಎಂಬ ಗುಂಡಿಯಿತ್ತು. ಎಲ್ಲರೂ ಒತ್ತುವ ಹಾಗೆ ಅವಳೂ ಒತ್ತಿದ್ದಳು. ಊಟಕ್ಕೆ ಹೊತ್ತಾಗಿತ್ತು.